ಮಣ್ಣಿನ ರಾಜಧಾನಿ: ಸಾಂಟಾ ಫೆ ನಗರದ ನಾಲ್ಕು ಶತಮಾನ



1610ನೆಯ ಇಸವಿ ಮೈಸೂರು ಸೀಮೆಯ ಚರಿತ್ರೆ ಓದಿದ ಎಲ್ಲರಿಗೂ ನೆನಪಿರುತ್ತದೆ. ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಕೈವಶ ಮಾಡಿಕೊಂಡು ಅಲ್ಲಿ ಗದ್ದುಗೆಯೇರಿದ್ದು, ನವರಾತ್ರಿಯ ಉತ್ಸವವನ್ನು ಆರಂಭಿಸಿದ್ದು ಆ ವರ್ಷ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಭೂಮಿಯ ಇನ್ನೊಂದು ಮಗ್ಗುಲಿನಲ್ಲಿ, ಸ್ಪೇನ್ ದೊರೆಯ ಅಧಿಕಾರಿ ಪೇದ್ರೊ ದೆ ಪೆರಾಲ್ತ ಎಂಬಾತ ಬೆಟ್ಟದ ತಪ್ಪಲಿನ ಒಂದು ಸಣ್ಣ ಹೊಳೆಯ ದಂಡೆಯಲ್ಲಿ ಹಗ್ಗ ಹಿಡಿಸಿ ಊರಿನ ಅಳತೆ ಹಾಕಿಸುತ್ತಿದ್ದ. ಆ ಊರೇ ಸಾಂಟಾ ಫೆ. ಇಂದು ಅಮೆರಿಕ ಸಂಯುಕ್ತ ಸಂಸ್ಥಾನದ ನೈಋತ್ಯ ಭಾಗದ ನ್ಯೂ ಮೆಕ್ಸಿಕೊ ರಾಜ್ಯದ ರಾಜಧಾನಿ. ಆ ದೇಶದ ಐವತ್ತು ರಾಜ್ಯಗಳ ರಾಜಧಾನಿಗಳಲ್ಲಿ ಅತ್ಯಂತ ಹಳೆಯದು, ಅತ್ಯಂತ ಎತ್ತರದ ಜಾಗದಲ್ಲಿರುವುದು ಎರಡೂ ಇದೇ. ಸಮುದ್ರಮಟ್ಟದಿಂದ ಸುಮಾರು 7,000 ಅಡಿ.

ನಾಲ್ಕು ನೂರು ವರ್ಷಗಳ ಚರಿತ್ರೆಯನ್ನು ಒಂದು ಗಂಟೆಯಲ್ಲಿ ಹೇಳಿ ಮುಗಿಸಲಾಗದು. ಹಾಗಾಗಿ ಮೊದಲು ಆ ಊರಿನ ಮಣ್ಣು ಮತ್ತು ನೀರಿನ ಮಾತು, ಅನಂತರ 1680ರ ಬಂಡಾಯ, ಮೂರನೆಯದಾಗಿ ಹತ್ತೊಂಬತ್ತನೆಯ ಶತಮಾನದ ವ್ಯಾಪಾರದ ದಾರಿ ಹಾಗೂ ಹೊಸ ಆಳ್ವಿಕೆ, ಕೊನೆಗೆ ಆ ಊರು ತನ್ನ ಹಳೆಯ ರೂಪವನ್ನು ಕಾನೂನು ಮಾಡಿ ಕಟ್ಟಿಕೊಂಡ ಬಗೆ, ಇಷ್ಟನ್ನು ತಮ್ಮ ಮುಂದಿಡುತ್ತೇನೆ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ಊರೂ ತಾನಾಗಿ ಹಳೆಯದಾಗಿ ಉಳಿಯುವುದಿಲ್ಲ. ಯಾವುದನ್ನು ಉಳಿಸಬೇಕು, ಯಾವುದನ್ನು ಕೆಡವಬೇಕು ಎಂದು ಒಂದೊಂದು ತಲೆಮಾರೂ ತೀರ್ಮಾನಿಸುತ್ತ ಬರುತ್ತದೆ. ಸಾಂಟಾ ಫೆಯಲ್ಲಿ ಆ ತೀರ್ಮಾನಗಳ ಗುರುತು ಗೋಡೆಗಳ ಮೇಲೆಯೇ ಕಾಣುತ್ತದೆ. ಆ ಊರನ್ನು ಆಯ್ದುಕೊಂಡದ್ದು ಅದಕ್ಕಾಗಿ.

ಮೊದಲನೆಯ ಭಾಗಕ್ಕೆ ಬರುತ್ತೇನೆ.

ಪೂರ್ವಕ್ಕೆ ಸಾಂಗ್ರೆ ದೆ ಕ್ರಿಸ್ತೊ ಪರ್ವತಸಾಲು. ಅಲ್ಲಿಂದ ಇಳಿದು ರಿಯೊ ಗ್ರಾಂದೆ ನದಿಯನ್ನು ಸೇರುವ ಸಣ್ಣ ಹೊಳೆ. ವರ್ಷಕ್ಕೆ ಬೀಳುವ ಮಳೆ, ಹಿಮ ಎಲ್ಲ ಸೇರಿ ಸುಮಾರು 14 ಅಂಗುಲ. ಸ್ಪೇನಿನವರು ಬರುವ ಮುಂಚೆ ಅದು ಬರಿ ಬಯಲಾಗಿತ್ತೆಂದು ತಿಳಿಯಬಾರದು. ಟೇವಾ ಭಾಷೆಯ ಪುಯೆಬ್ಲೊ ಜನ ಶತಮಾನಗಳ ಹಿಂದೆಯೇ ಅಲ್ಲಿ ಊರು ಕಟ್ಟಿ, ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳ ಬೆಳೆದು ಬಾಳಿದ್ದರು. ಆ ಜಾಗಕ್ಕೆ ಅವರ ಹೆಸರು ಓಗಾ ಪೋಗೆ. 1598ರಲ್ಲಿ ಸ್ಪೇನಿನ ಹುವಾನ್ ದೆ ಒನ್ಯಾತೆ ಎಂಬಾತ ವಲಸಿಗರನ್ನು ಕರೆದುಕೊಂಡು, ದನಕರುಗಳನ್ನು ಹೊಡೆದುಕೊಂಡು ಉತ್ತರಕ್ಕೆ ಬಂದಾಗ ಮೊದಲು ಬಿಡಾರ ಹೂಡಿದ್ದು ಅಲ್ಲಿಂದ ಇನ್ನೂ ಉತ್ತರಕ್ಕಿದ್ದ ಪುಯೆಬ್ಲೊ ಊರೊಂದರಲ್ಲಿ. ಹತ್ತು ಹನ್ನೆರಡು ವರ್ಷಗಳ ಮೇಲೆ ರಾಜಧಾನಿ ಸಾಂಟಾ ಫೆಗೆ ಬಂತು.

ಹೊಸ ಊರುಗಳನ್ನು ಹೇಗೆ ಕಟ್ಟಬೇಕೆಂದು ಸ್ಪೇನ್ ದೊರೆ ಎರಡನೆಯ ಫಿಲಿಪ್ 1573ರಲ್ಲಿ ನಿಯಮಾವಳಿ ಹೊರಡಿಸಿದ್ದ. ನಡುವೆ ಪ್ಲಾಜಾ ಎಂಬ ಬಯಲು. ಅದರ ಸುತ್ತ ಸರಕಾರದ ಮನೆ, ಚರ್ಚು, ಅಂಗಡಿ. ಬಯಲಿನಿಂದ ನೇರ ಹೊರಡುವ ಬೀದಿಗಳು. ಸಾಂಟಾ ಫೆಯ ಪ್ಲಾಜಾ ಇಂದಿಗೂ ಊರಿನ ನಡುಮನೆ. ಅದರ ಉತ್ತರದ ಬದಿಗೆ ಉದ್ದಕ್ಕೆ ಮಲಗಿರುವ ಒಂದೇ ಅಂತಸ್ತಿನ ಕಟ್ಟಡವನ್ನು 'ಗವರ್ನರುಗಳ ಅರಮನೆ' ಎನ್ನುತ್ತಾರೆ. ಅರಮನೆ ಎಂದೊಡನೆ ಗೋಪುರ, ಕಮಾನು, ಮೆಟ್ಟಿಲು ಕಣ್ಣಿಗೆ ಕಟ್ಟುವ ನಮಗೆ ಇದು ಅರಮನೆಯೇ ಎಂದು ಅನುಮಾನ ಬಂದೀತು. ಮಣ್ಣಿನ ಗೋಡೆ, ಮರದ ಕಂಬಗಳ ಮೊಗಸಾಲೆ, ತಗ್ಗಾದ ಬಾಗಿಲು, ಮಟ್ಟಸವಾದ ಮಾಳಿಗೆ. ಯುರೋಪಿನವರು ಕಟ್ಟಿದ ಸಾರ್ವಜನಿಕ ಕಟ್ಟಡಗಳಲ್ಲಿ ಆ ದೇಶದಲ್ಲಿ ಅಂದಿನಿಂದ ಇಂದಿನವರೆಗೆ ಬಳಕೆಯಲ್ಲಿರುವ ಅತ್ಯಂತ ಹಳೆಯದು ಇದೇ. ಸ್ಪೇನ್, ಪುಯೆಬ್ಲೊ ಜನ, ಮತ್ತೆ ಸ್ಪೇನ್, ಮೆಕ್ಸಿಕೊ, ಕೊನೆಗೆ ಅಮೆರಿಕ, ಇಷ್ಟು ಆಳ್ವಿಕೆಗಳು ಇದರೊಳಗೆ ಬಂದುಹೋಗಿವೆ.

ಇದರ ಕಟ್ಟೋಣವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಜೇಡಿ ಮತ್ತು ಮರಳು ಬೆರೆತ ಮಣ್ಣಿಗೆ ಹುಲ್ಲು ಹಾಕಿ ಕಾಲಲ್ಲಿ ತುಳಿದು ಹದ ಮಾಡುತ್ತಾರೆ. ಮರದ ಅಚ್ಚಿನಲ್ಲಿ ತುಂಬಿ, ಅಚ್ಚು ಎತ್ತಿ, ಬಿಸಿಲಿಗೆ ಬಿಡುತ್ತಾರೆ. ಸುಡುವುದಿಲ್ಲ. ಒಂದೊಂದು ಹಸಿ ಇಟ್ಟಿಗೆ ಸುಮಾರು 14 ಅಂಗುಲ ಉದ್ದ, 10 ಅಂಗುಲ ಅಗಲ, 4 ಅಂಗುಲ ದಪ್ಪ. ತೂಕ ಹದಿನೈದು ಕಿಲೊ ಆಸುಪಾಸು. ಪುಯೆಬ್ಲೊ ಜನರಿಗೆ ಮಣ್ಣಿನ ಕೆಲಸ ಹೊಸದಲ್ಲ. ಅವರು ಅಚ್ಚಿಲ್ಲದೆ ಕೈಯಿಂದಲೇ ವರಸೆವರಸೆಯಾಗಿ ಮಣ್ಣನ್ನು ಏರಿಸುತ್ತಿದ್ದರು. ಅಚ್ಚನ್ನು ತಂದವರು ಸ್ಪೇನಿನವರು; ಅವರು ಅದನ್ನು ಕಲಿತದ್ದು ಉತ್ತರ ಆಫ್ರಿಕದ ಮುಸಲ್ಮಾನರಿಂದ. ಗೋಡೆಯ ಮೇಲೆ ತೊಗಟೆ ತೆಗೆದ ಪೈನ್ ತೊಲೆಗಳು, ತೊಲೆಗಳ ಮೇಲೆ ಒತ್ತಾಗಿ ಜೋಡಿಸಿದ ಸಣ್ಣ ಕಡ್ಡಿಗಳು, ಅದರ ಮೇಲೆ ಮಣ್ಣು. ಬಳ್ಳಾರಿ, ರಾಯಚೂರು ಕಡೆಯ ಮೇಲ್ಮುದ್ದೆ ಮನೆಗಳಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ: ಬೇಸಿಗೆಯಲ್ಲಿ ಒಳಗೆ ತಂಪು, ಚಳಿಗಾಲದಲ್ಲಿ ಬೆಚ್ಚಗೆ, ಮಳೆ ಬಂದ ಮಾರನೆಯ ದಿನ ಮಾಳಿಗೆಯ ಮೇಲೆ ಕೆಲಸ.

ಈ ಕೆಲಸವೇ ಮುಖ್ಯ. ಮಣ್ಣಿನ ಗೋಡೆಯ ಮೇಲುಸಾರಣೆ ಸವೆಯುತ್ತದೆ, ಮತ್ತೆ ಮತ್ತೆ ಬಳಿಯಬೇಕು. ಆ ನಾಡಿನಲ್ಲಿ ಸಾರಣೆ ಹೆಂಗಸರ ಕಸಬು. ಮಣ್ಣನ್ನು ಕೈಯಿಂದ ಎರಚಿ, ಅಂಗೈಯಿಂದ ತೀಡಿ, ಕೊನೆಗೆ ಕುರಿಚರ್ಮದ ತುಂಡಿನಿಂದ ಉಜ್ಜಿ ನುಣುಪು ಮಾಡುತ್ತಿದ್ದರು. ಅರಮನೆ ಕಟ್ಟಿಸಿದ ಗವರ್ನರುಗಳ ಹೆಸರು ದಾಖಲೆಗಳಲ್ಲಿವೆ. ಆ ಗೋಡೆಗಳನ್ನು ನಿಲ್ಲಿಸಿಕೊಂಡು ಬಂದ ಹೆಂಗಸರ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ಊರಿನ ಚರಿತ್ರೆ ಬರೆಯುವವರು ಈ ಲೋಪವನ್ನು ಎದುರಿಸಲೇಬೇಕು.

ನೀರಿನ ವ್ಯವಸ್ಥೆಯೂ ಹೀಗೆಯೇ ಕೂಡಿ ನಡೆಸಿದ್ದು. ಹೊಳೆಯಿಂದ ತೋಡಿದ ಕಾಲುವೆಗೆ ಅಲ್ಲಿ 'ಅಸೇಕಿಯ' ಎನ್ನುತ್ತಾರೆ. ಪ್ರತಿ ವಸಂತದಲ್ಲಿ ಕಾಲುವೆಯ ಹಕ್ಕುಳ್ಳ ಮನೆಗಳವರೆಲ್ಲ ಸೇರಿ ಹೂಳೆತ್ತಬೇಕು. ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಎಂದು ಅವರೇ ಆರಿಸಿದ ನೀರುಗಂಟಿ ಹೇಳುತ್ತಾನೆ. ತಾಯಿಗಾಲುವೆ ಎಂದು ಹೆಸರಾದ ಹಳೆಯ ಕಾಲುವೆಯೊಂದು ಇಂದಿಗೂ ಸಾಂಟಾ ಫೆಯ ಬೀದಿಯೊಂದರ ಪಕ್ಕದಲ್ಲಿ ಹರಿಯುತ್ತದೆ; ಆ ಬೀದಿಗೂ ಅದರದೇ ಹೆಸರು.

ಇನ್ನು ಎರಡನೆಯ ಭಾಗ. ಸಾಂಟಾ ಫೆಯ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಘಟನೆ ಇದರಲ್ಲಿದೆ. ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸ್ಪೇನಿನವರ ಆಳ್ವಿಕೆ ಪುಯೆಬ್ಲೊ ಜನರಿಗೆ ಎರಡು ನೊಗ ಹೊರಿಸಿತು. ಒಂದು, ಕಾಳು ಮತ್ತು ಬಟ್ಟೆಯ ಕಪ್ಪ, ಬಿಟ್ಟಿ ದುಡಿಮೆ. ಇನ್ನೊಂದು, ಪಾದ್ರಿಗಳ ಕಟ್ಟುಪಾಡು. ನೆಲದೊಳಗಿನ ಪೂಜಾಸ್ಥಾನಗಳನ್ನು ಮುಚ್ಚಿಸಿ, ಕುಣಿತದ ಮುಖವಾಡಗಳನ್ನು ಸುಟ್ಟರು. 1660ರ ದಶಕದಿಂದ ಬರಗಾಲ, ರೋಗ, ಅಪಾಚೆ ಜನರ ದಾಳಿ ಒಂದರ ಮೇಲೊಂದು ಬಂದವು. ಮಳೆ ತರುವ ಆಚರಣೆಗಳನ್ನು ನಿಲ್ಲಿಸಿದ್ದರಿಂದಲೇ ಮಳೆ ಹೋಯಿತೆಂದು ಜನ ನಂಬಿದರು. 1675ರಲ್ಲಿ ಗವರ್ನರ್ ತ್ರೆವಿನ್ಯೊ ನಲವತ್ತೇಳು ಧಾರ್ಮಿಕ ಮುಖಂಡರನ್ನು ಮಾಟದ ಆರೋಪ ಹೊರಿಸಿ ಹಿಡಿಸಿದ. ಮೂವರನ್ನು ಗಲ್ಲಿಗೇರಿಸಿದರು, ಉಳಿದವರಿಗೆ ಬಹಿರಂಗ ಛಡಿಯೇಟು. ಹಾಗೆ ಏಟು ತಿಂದವರಲ್ಲಿ ಓಕೆ ಒವಿಂಗೆ ಎಂಬ ಊರಿನ ಪೊಪೆ ಒಬ್ಬ.

ಪೊಪೆ ಐದು ವರ್ಷ ಸಿದ್ಧತೆ ನಡೆಸಿದ. ಅವನ ಮುಂದಿದ್ದ ಕಷ್ಟವನ್ನು ಊಹಿಸಿಕೊಳ್ಳಿ. ಹತ್ತಾರು ಊರುಗಳು, ನೂರಾರು ಮೈಲಿ ಹರಡಿದ ಒಣನಾಡು, ಒಂದರೊಂದಿಗೆ ಸಂಬಂಧವಿಲ್ಲದ ಭಾಷೆಗಳು. ಬರವಣಿಗೆಯ ಬಳಕೆಯಿಲ್ಲ, ಕುದುರೆ ಏರಲು ಅಪ್ಪಣೆಯಿಲ್ಲ. ಎಲ್ಲ ಊರುಗಳೂ ಒಂದೇ ದಿನ ಎದ್ದರೆ ಮಾತ್ರ ಗೆಲುವು. ಅವರು ಕಂಡುಕೊಂಡ ದಾರಿ, ನಾರಿನ ಹುರಿಗೆ ಗಂಟು ಹಾಕುವುದು. ಓಟಗಾರರು ಊರಿಂದೂರಿಗೆ ಹುರಿ ಒಯ್ದರು. ದಿನಕ್ಕೊಂದು ಗಂಟು ಬಿಚ್ಚಬೇಕು. ಕೊನೆಯ ಗಂಟು ಬಿಚ್ಚಿದ ದಿನ ಏಳಬೇಕು. ತೆಸುಕೆ ಊರಿನ ಕಾತುವ ಮತ್ತು ಓಮ್ತುವ ಎಂಬ ಇಬ್ಬರು ತರುಣ ಓಟಗಾರರು ಸೆರೆಸಿಕ್ಕು ಗುಟ್ಟು ಹೊರಬಿತ್ತು. ಆದರೂ ಜನ ಕೈಕಟ್ಟಿ ಕೂರಲಿಲ್ಲ. ಗೊತ್ತುಮಾಡಿದ್ದ ದಿನವನ್ನೇ ಹಿಂದಕ್ಕೆ ಎಳೆದು, 1680ರ ಆಗಸ್ಟ್ 10ರಂದು ಎದ್ದರು.

ಸುಮಾರು 400 ಮಂದಿ ಸ್ಪೇನಿನವರು ಸತ್ತರು. ಅವರಲ್ಲಿ 21 ಮಂದಿ ಫ್ರಾನ್ಸಿಸ್ಕನ್ ಪಾದ್ರಿಗಳು. ಹೆಂಗಸರು ಮಕ್ಕಳೂ ಸತ್ತರು, ಅದನ್ನು ಮುಚ್ಚಿಡಬಾರದು. ಉಳಿದವರು ಗವರ್ನರ್ ಒತೆರ್ಮಿನ್ ಜೊತೆ ಅರಮನೆಯೊಳಗೆ ಸೇರಿಕೊಂಡರು. ಮುತ್ತಿಗೆ ಹಾಕಿದವರ ನಾಯಕ ಎರಡು ಶಿಲುಬೆ ಹಿಡಿದು ಮುಂದೆ ಬಂದ: ಕೆಂಪನ್ನು ಆರಿಸಿದರೆ ಯುದ್ಧ, ಬಿಳಿಯನ್ನು ಆರಿಸಿದರೆ ನಾಡು ಬಿಟ್ಟು ಹೋಗಬಹುದು. ಒತೆರ್ಮಿನ್ ಬಿಳಿಯದನ್ನು ಒಪ್ಪಲಿಲ್ಲ. ಆಗ ಅರಮನೆಗೆ ನೀರು ತರುವ ಕಾಲುವೆಯನ್ನೇ ಕಡಿದರು. ಹಿಂದೆ ನಾನು ಹೇಳಿದ ಕಾಲುವೆಗಳ ಬಲ ಎಷ್ಟೆಂಬುದು ಇಲ್ಲಿ ಗೊತ್ತಾಗುತ್ತದೆ. ಮದ್ದುಗುಂಡಿದ್ದವರು ಬಾಯಾರಿಕೆಗೆ ಸೋತರು. ಆಗಸ್ಟ್ 21ರಂದು ಅವರು ಹೊರಬಿದ್ದು ದಕ್ಷಿಣಕ್ಕೆ, ಎಲ್ ಪಾಸೊ ಕಡೆಗೆ ನಡೆದರು. ಗುಡ್ಡಗಳ ಮೇಲೆ ನಿಂತಿದ್ದ ಪುಯೆಬ್ಲೊ ಯೋಧರು ಅವರ ಮೇಲೆ ಬೀಳಲಿಲ್ಲ, ಹೋಗಗೊಟ್ಟರು. ಅವರಿಗೆ ಬೇಕಾಗಿದ್ದುದು ತಮ್ಮ ನೆಲ.

ಹನ್ನೆರಡು ವರ್ಷ ಸಾಂಟಾ ಫೆ ಪುಯೆಬ್ಲೊ ಜನರ ಊರಾಯಿತು. ಅರಮನೆಯನ್ನು ಅವರು ಸುಡಲಿಲ್ಲ, ತಮ್ಮ ಮನೆ ಮಾಡಿಕೊಂಡರು. ದೊಡ್ಡ ಕೋಣೆಗಳನ್ನು ಅಡ್ಡಗೋಡೆಯಿಂದ ಒಡೆದು, ಮೇಲೆ ಅಂತಸ್ತು ಏರಿಸಿದರು. 1970ರ ದಶಕದಲ್ಲಿ ಅರಮನೆಯ ನೆಲವನ್ನು ಅಗೆದಾಗ ಆ ಕಾಲದ ಕಾಳಿನ ಗುಂಡಿಗಳು ಸಿಕ್ಕಿದವು. ಅಲ್ಲಿನ ನೆಲದಲ್ಲಿ ಅಲ್ಲಲ್ಲಿ ತೆರವು ಬಿಟ್ಟು, ಕೆಳಗಿನ ಹಳೆಯ ಪದರಗಳನ್ನು ನೋಡುವಂತೆ ಮಾಡಿದ್ದಾರೆ. ಗವರ್ನರುಗಳ ಚಿತ್ರಪಟಗಳಿಗಿಂತ ನೆಲದೊಳಗಿನ ಆ ಪದರಗಳನ್ನು ನಾನು ಹೆಚ್ಚು ನಂಬುತ್ತೇನೆ.

1692ರಲ್ಲಿ ಸ್ಪೇನಿನವರ ಕಡೆಯಿಂದ ದಿಯೇಗೊ ದೆ ವಾರ್ಗಾಸ್ ಎಂಬಾತ ಬಂದ. ಆ ಸಲ ರಕ್ತ ಹರಿಯಲಿಲ್ಲ, ಮಾತುಕತೆ ನಡೆಯಿತು. ಮರುವರ್ಷ ಡಿಸೆಂಬರಿನಲ್ಲಿ ವಲಸಿಗರೊಂದಿಗೆ ಮತ್ತೆ ಬಂದಾಗ ಪುಯೆಬ್ಲೊ ಜನ ಜಾಗ ಬಿಡಲು ಒಪ್ಪಲಿಲ್ಲ. ಕಾದಾಟವಾಯಿತು. ಸೋತವರಲ್ಲಿ ಎಪ್ಪತ್ತು ಮಂದಿಯನ್ನು ಕೊಲ್ಲಿಸಿ, ಸುಮಾರು 400 ಹೆಂಗಸರು ಮಕ್ಕಳನ್ನು ವಲಸಿಗರ ಮನೆಗಳಿಗೆ ಆಳುಗಳಾಗಿ ಹಂಚಿದರು. ಆದರೆ ಬಂಡಾಯ ವ್ಯರ್ಥವಾಗಲಿಲ್ಲ. ಕಪ್ಪದ ಹಳೆಯ ಪದ್ಧತಿ ಮತ್ತೆ ಹಾಗೆಯೇ ಬರಲಿಲ್ಲ. ಪಾದ್ರಿಗಳು ಆಚರಣೆಗಳನ್ನು ಕಂಡೂ ಕಾಣದಂತಿರಲು ಕಲಿತರು. ಪುಯೆಬ್ಲೊ ಜನರ ಭಾಷೆ, ಕುಣಿತ, ಊರುಗಳು ಇಂದಿಗೂ ಜೀವಂತವಾಗಿರುವುದಕ್ಕೆ ಈ ಹನ್ನೆರಡು ವರ್ಷಗಳೇ ದೊಡ್ಡ ಕಾರಣ ಎಂಬುದು ನನ್ನ ದೃಢವಾದ ಅಭಿಪ್ರಾಯ. 2005ರಲ್ಲಿ ವಾಷಿಂಗ್ಟನ್ನಿನ ಸಂಸತ್ ಭವನದಲ್ಲಿ ನ್ಯೂ ಮೆಕ್ಸಿಕೊದ ಪರವಾಗಿ ಪೊಪೆಯ ಅಮೃತಶಿಲೆಯ ಪ್ರತಿಮೆಯನ್ನು ನಿಲ್ಲಿಸಿದರು. ಕಡೆದವರು ಹೇಮೆಸ್ ಪುಯೆಬ್ಲೊದ ಶಿಲ್ಪಿ ಕ್ಲಿಫ್ ಫ್ರಗುವಾ. ಪೊಪೆಯ ಮುಖ ಹೇಗಿತ್ತೆಂಬುದಕ್ಕೆ ಯಾವ ಚಿತ್ರವೂ ಉಳಿದಿಲ್ಲ. ಶಿಲ್ಪಿ ಕೈಯಲ್ಲಿ ಗಂಟಿನ ಹುರಿಯನ್ನು ಕೊಟ್ಟು, ಬೆನ್ನ ಮೇಲೆ ಛಡಿಯೇಟಿನ ಬಾಸುಂಡೆಗಳನ್ನು ಕಡೆದಿದ್ದಾರೆ.

ಬಂಡಾಯದಲ್ಲಿ ಹಾಳಾದ ಕಟ್ಟಡಗಳಲ್ಲಿ ಹೊಳೆಯ ಆಚೆ ದಂಡೆಯ ಸಾನ್ ಮಿಗೆಲ್ ಚರ್ಚೂ ಒಂದು. ಸ್ಪೇನಿನವರ ಜೊತೆ ಮೆಕ್ಸಿಕೊದಿಂದ ಬಂದ ತ್ಲಾಸ್ಕಲ ಎಂಬ ಮೂಲನಿವಾಸಿ ಜನ ನೆಲೆಸಿದ್ದ ಕೇರಿ ಅದು. 1710ರಲ್ಲಿ ಚರ್ಚನ್ನು ಮತ್ತೆ ಕಟ್ಟಿದರು. ಒಳಗಿನ ತೊಲೆಯೊಂದರ ಮೇಲೆ ಕಟ್ಟಿಸಿದವನ ಹೆಸರೂ ಇಸವಿಯೂ ಇಂದಿಗೂ ಓದಲು ಸಿಗುತ್ತವೆ. ಇಪ್ಪತ್ತನೆಯ ಶತಮಾನದಲ್ಲಿ ಗಟ್ಟಿಯಾಗಿರಲೆಂದು ಅದರ ಗೋಡೆಗೆ ಸಿಮೆಂಟ್ ಗಾರೆ ಬಳಿದರು. ಮಣ್ಣಿನ ಗೋಡೆ ತೇವವನ್ನು ಹೀರಿ ಹೊರಬಿಡುತ್ತದೆ; ಸಿಮೆಂಟ್ ಅದನ್ನು ಒಳಗೇ ಕೂಡಿಹಾಕುತ್ತದೆ. ಹೊರಗೆ ಚೊಕ್ಕಟ, ಒಳಗೆ ಇಟ್ಟಿಗೆ ಕರಗಿ ಕೆಸರು. ಇತ್ತೀಚೆಗೆ ಆ ಸಿಮೆಂಟನ್ನು ಕಿತ್ತು, ಸ್ವಯಂಸೇವಕರು ಮತ್ತೆ ಮಣ್ಣಿನ ಸಾರಣೆ ಮಾಡಿದರು. ನಮ್ಮ ಹಳೆಯ ಗುಡಿಗಳಿಗೆ ಸಿಮೆಂಟ್ ಮೆತ್ತುವ ಜೀರ್ಣೋದ್ಧಾರ ಸಮಿತಿಗಳವರು ಈ ಉದಾಹರಣೆಯನ್ನು ಗಮನಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಮೂರನೆಯ ಭಾಗವನ್ನು ಬೇಗ ದಾಟುತ್ತೇನೆ. ಅಲ್ಲಿನ ಸಂಗತಿಗಳನ್ನು ಸಿನಿಮಾಗಳೂ ಕಾದಂಬರಿಗಳೂ ಬೇಕಾದಷ್ಟು ಹೇಳಿವೆ.

ಸ್ಪೇನ್ ಹೊರಗಿನವರ ಜೊತೆ ವ್ಯಾಪಾರವನ್ನು ನಿಷೇಧಿಸಿತ್ತು. ಮೆಕ್ಸಿಕೊ ನಗರದಿಂದ ಸುಮಾರು 1,600 ಮೈಲಿ ದಾರಿ ಸವೆಸಿ ಬರುವ ಬಂಡಿಗಳೇ ಗತಿ. ಒಂದು ಕಬ್ಬಿಣದ ಗುದ್ದಲಿಯೂ ಆಸ್ತಿ. 1821ರಲ್ಲಿ ಮೆಕ್ಸಿಕೊ ಸ್ವತಂತ್ರವಾಯಿತು, ನಿಷೇಧ ಬಿತ್ತು. ಅದೇ ನವೆಂಬರಿನಲ್ಲಿ ವಿಲಿಯಂ ಬೆಕ್‌ನೆಲ್ ಎಂಬ ಮಿಸೌರಿಯ ವ್ಯಾಪಾರಿ ಸರಕು ಹೇರಿಕೊಂಡು ಪ್ಲಾಜಾಕ್ಕೆ ಬಂದಿಳಿದ. ಸುಮಾರು 900 ಮೈಲಿಯ ಆ ದಾರಿ ಮುಂದಿನ ಅರವತ್ತು ವರ್ಷ ಊರಿನ ಜೀವನಾಡಿಯಾಯಿತು. ಸರಕು ಬಂದ ದಾರಿಯಲ್ಲೇ ಅಮೆರಿಕದ ಸೈನ್ಯವೂ ಬಂತು. 1846ರ ಆಗಸ್ಟ್ 18ರಂದು ಜನರಲ್ ಕರ್ನಿ ಒಂದು ಗುಂಡೂ ಹಾರಿಸದೆ ಸಾಂಟಾ ಫೆಯನ್ನು ಹಿಡಿದ. 1848ರ ಒಪ್ಪಂದದಲ್ಲಿ ಆ ನಾಡು ಅಮೆರಿಕದ ಪಾಲಾಯಿತು. ಪೂರ್ಣ ರಾಜ್ಯದ ಸ್ಥಾನಕ್ಕೆ ಮಾತ್ರ 1912ರವರೆಗೆ ಕಾಯಿಸಿದರು. ಅಲ್ಲಿನ ಜನ ಸ್ಪ್ಯಾನಿಷ್ ಆಡುವ ಕೆಥೊಲಿಕರು, ಮೂಲನಿವಾಸಿಗಳು ಎಂಬ ಅಸಡ್ಡೆ ಆ ವಿಳಂಬದ ಹಿಂದೆ ಇತ್ತು.

ಈ ಕಾಲದ ದೊಡ್ಡ ಗುರುತು ಸೇಂಟ್ ಫ್ರಾನ್ಸಿಸ್ ಮಹಾಚರ್ಚು. 1851ರಲ್ಲಿ ಬಂದ ಫ್ರೆಂಚ್ ಬಿಷಪ್ ಲಾಮಿಗೆ ಮಣ್ಣಿನ ಚರ್ಚುಗಳು ಹಿಡಿಸಲಿಲ್ಲ. ತನ್ನ ಸೀಮೆಯ ಮಾದರಿಯಲ್ಲಿ ಕಲ್ಲಿನ ಚರ್ಚನ್ನು 1869ರಲ್ಲಿ ಆರಂಭಿಸಿ, ಹಳೆಯ ಮಣ್ಣಿನ ಚರ್ಚಿನ ಸುತ್ತಲೂ ಗೋಡೆ ಎಬ್ಬಿಸಿ, ಆಮೇಲೆ ಒಳಗಿನದನ್ನು ಕೆಡವಿಸಿದ. ಹೊಸ ಚರ್ಚಿನ ಗೋಪುರಗಳು ಇಂದಿಗೂ ಮೊಂಡಾಗಿಯೇ ನಿಂತಿವೆ. ಆದರೆ ಹಳೆಯ ಚರ್ಚಿನ ಉತ್ತರದ ಪಕ್ಕದ ಗುಡಿಯೊಂದು ಉಳಿಯಿತು. 1620ರ ದಶಕದಲ್ಲಿ ಊರಿಗೆ ಬಂದ ಮರಿಯಮ್ಮನ ಪುಟ್ಟ ಮರದ ಮೂರ್ತಿ ಅಲ್ಲಿದೆ. 1680ರಲ್ಲಿ ಓಡಿಹೋದವರು ಅದನ್ನು ಎತ್ತಿಕೊಂಡು ಹೋಗಿದ್ದರು, ದೆ ವಾರ್ಗಾಸ್ ಕಾಲದಲ್ಲಿ ಮರಳಿ ತಂದರು. ಸಮೀಪದ ಲೊರೆಟೊ ಪ್ರಾರ್ಥನಾಮಂದಿರದ ಮರದ ಸುರುಳಿ ಮೆಟ್ಟಿಲನ್ನು ನೋಡಲು ಬರುವವರು ಬಹಳ; ನಡುಗಂಬವಿಲ್ಲದೆ ಎರಡು ಪೂರ್ಣ ಸುತ್ತು ಹಾಕಿ ಮೇಲೇರುವ 33 ಮೆಟ್ಟಿಲು. ಬಡಗಿಯ ಕೈಚಳಕವನ್ನು ಪವಾಡವೆಂದು ಕರೆದರೆ ಬಡಗಿಗೆ ಸಲ್ಲಬೇಕಾದ್ದು ಸಲ್ಲುವುದಿಲ್ಲ.

ಇನ್ನು ಕೊನೆಯ ಭಾಗ, ನನ್ನ ವಾದಕ್ಕೆ ಆಧಾರವಾದದ್ದು.

1880ರಲ್ಲಿ ರೈಲು ಬಂತು. ಊರಿನ ಹೆಸರನ್ನೇ ಇಟ್ಟುಕೊಂಡ ರೈಲ್ವೆ ಕಂಪನಿಯ ಮುಖ್ಯ ಹಳಿ ಬೆಟ್ಟದ ಏರನ್ನು ತಪ್ಪಿಸಲು ಊರನ್ನು ಬಿಟ್ಟು 18 ಮೈಲಿ ದೂರದಲ್ಲಿ ಹಾದುಹೋಯಿತು. ಸಾಂಟಾ ಫೆಗೆ ಸಿಕ್ಕಿದ್ದು ಒಂದು ಕವಲು ಹಳಿ. ವ್ಯಾಪಾರ ಆಲ್ಬಕರ್ಕಿ ಎಂಬ ಊರಿಗೆ ಹೋಯಿತು. 1880ರಲ್ಲಿ ಆರೂವರೆ ಸಾವಿರಕ್ಕೂ ಹೆಚ್ಚಿದ್ದ ಜನಸಂಖ್ಯೆ 1910ಕ್ಕೆ ಐದು ಸಾವಿರದ ಹತ್ತಿರಕ್ಕೆ ಇಳಿಯಿತು. ಅಷ್ಟರಲ್ಲಿ ಊರಿನ ಮುಖಂಡರು ಆಧುನಿಕವಾಗಿ ಕಾಣಬೇಕೆಂಬ ಆಸೆಯಿಂದ ಸುಟ್ಟ ಇಟ್ಟಿಗೆಯ ಕಟ್ಟಡ ಎಬ್ಬಿಸಿ, ಅರಮನೆಯ ಮೊಗಸಾಲೆಗೂ ಕಟಾಂಜನದ ಅಲಂಕಾರ ಹಾಕಿಸಿದ್ದರು. ಪೂರ್ವದ ಊರುಗಳಂತೆ ಕಾಣಲು ಹೊರಟು ತನ್ನತನವನ್ನು ಕಳೆದುಕೊಳ್ಳುತ್ತಿದ್ದ ಊರು ಆಗ ಹಿಂತಿರುಗಿ ನೋಡಿತು.

1909ರಲ್ಲಿ ಅರಮನೆ ವಸ್ತುಸಂಗ್ರಹಾಲಯವಾಯಿತು. ಜೆಸ್ಸಿ ನುಸ್‌ಬಾಮ್ ಎಂಬ ತರುಣ ಆ ಅಲಂಕಾರವನ್ನೆಲ್ಲ ತೆಗೆಸಿ ಮರದ ದಿಮ್ಮಿಗಳ ಮೊಗಸಾಲೆ ಕಟ್ಟಿಸಿದ. ಇಂದು ಪ್ರವಾಸಿಗರು 1610ರದೆಂದು ಫೋಟೊ ತೆಗೆಯುವ ಆ ಮುಂಭಾಗ ವಾಸ್ತವವಾಗಿ 1913ರಷ್ಟು ಈಚಿನದು. 1912ರ ನಗರಯೋಜನೆ ಹಳೆಯ ಮಾದರಿಯಲ್ಲೇ ಕಟ್ಟಬೇಕೆಂದು ಹೇಳಿತು. 1917ರ ಕಲಾಸಂಗ್ರಹಾಲಯ ಪುಯೆಬ್ಲೊ ಊರುಗಳ ಚರ್ಚುಗಳ ರೂಪ ತಾಳಿತು. ವಾಸ್ತುಶಿಲ್ಪಿ ಜಾನ್ ಗಾ ಮೀಮ್ ಈ ಶೈಲಿಯನ್ನು ಪಳಗಿಸಿದ. 1957ರಲ್ಲಿ ಅದು ಕಾನೂನೇ ಆಯಿತು: ಹಳೆಯ ಬಡಾವಣೆಗಳಲ್ಲಿ ಗೋಡೆಯ ಬಣ್ಣ, ಕಿಟಕಿಯ ಅಳತೆ, ಕಟ್ಟಡದ ಎತ್ತರ ಎಲ್ಲಕ್ಕೂ ಕಟ್ಟಳೆ. 1966ರಲ್ಲಿ ಕಟ್ಟಿದ ಶಾಸನಸಭೆಯ ಭವನ ಕೂಡ ದುಂಡಗೆ, ಮಣ್ಣಿನ ಬಣ್ಣದಲ್ಲಿದೆ; ಜಿಯಾ ಪುಯೆಬ್ಲೊದ ಸೂರ್ಯಚಿಹ್ನೆ ಅದರ ತಲವಿನ್ಯಾಸ.

ಇದು ಸುಳ್ಳು ಹಳಮೆ ಎಂದು ಟೀಕಿಸುವವರಿದ್ದಾರೆ. ಮಣ್ಣಿನ ಬಣ್ಣದ ಗಾರೆಯ ಒಳಗೆ ಎಷ್ಟೋ ಕಡೆ ಇರುವುದು ಕಾಂಕ್ರೀಟ್, ಮರದ ಚೌಕಟ್ಟು. ಟೀಕೆ ಸರಿಯೇ. ಆದರೂ ಈ ಕಟ್ಟಳೆ ಇಲ್ಲದಿದ್ದರೆ ಉಳಿದ ನಿಜವಾದ ಮಣ್ಣಿನ ಮನೆಗಳೂ ಉಳಿಯುತ್ತಿರಲಿಲ್ಲ ಎಂದೇ ನಾನು ತಿಳಿಯುತ್ತೇನೆ. ನನಗೆ ನೋವಾಗುವುದು ಬೇರೆಯದಕ್ಕೆ. ಬಡವರ ಕಟ್ಟೋಣವಾಗಿದ್ದ ಮಣ್ಣು ಈಗ ಸಿರಿವಂತರ ಹವ್ಯಾಸವಾಗಿದೆ. ಕಾಲುವೆ ನೀರಿನಲ್ಲಿ ಬೇಸಾಯ ಮಾಡುತ್ತಿದ್ದವರ ಮನೆಗಳಿದ್ದ ಕ್ಯಾನ್ಯನ್ ರಸ್ತೆಯ ತುಂಬ ಈಗ ಕಲಾಗ್ಯಾಲರಿಗಳು. ತಲೆಮಾರುಗಳಿಂದ ಅಲ್ಲಿದ್ದ ಕುಟುಂಬಗಳು ಮನೆಯ ಬೆಲೆ ತಾಳಲಾರದೆ ಊರಾಚೆ ಹೋಗಿವೆ. ಗೋಡೆಯನ್ನು ಕಾಯುವ ಕಾನೂನು ಇದೆ, ಗೋಡೆ ಬಳಿಯುತ್ತಿದ್ದವರನ್ನು ಕಾಯುವ ಕಾನೂನು ಇಲ್ಲ.

ಏನನ್ನು ಉಳಿಸಬೇಕೆಂಬ ಜಗಳ ಪ್ಲಾಜಾದ ನಡುವೆಯೇ ನಡೆದದ್ದೂ ಉಂಟು. 1868ರಲ್ಲಿ ಅಲ್ಲಿ ನಿಲ್ಲಿಸಿದ ಸೈನಿಕರ ಸ್ಮಾರಕಸ್ತಂಭದ ಒಂದು ಮುಖದಲ್ಲಿ ಮೂಲನಿವಾಸಿಗಳನ್ನು ಅನಾಗರಿಕರೆಂದು ಹಳಿಯುವ ಪದವಿತ್ತು. 1974ರಲ್ಲಿ ಕೂಲಿಯವನಂತೆ ಉಡುಪು ತೊಟ್ಟ ಒಬ್ಬಾತ ಹಗಲಿನಲ್ಲೇ ಉಳಿ ಹಿಡಿದು ಬಂದು ಆ ಪದವನ್ನು ಕೆತ್ತಿಹಾಕಿದ. 2020ರ ಅಕ್ಟೋಬರ್ 12ರಂದು ಪ್ರತಿಭಟನೆಗೆ ಸೇರಿದವರು ಸ್ತಂಭವನ್ನೇ ಎಳೆದು ಉರುಳಿಸಿದರು. ಇದಕ್ಕಿಂತ ಎರಡು ವರ್ಷ ಮೊದಲು ಇನ್ನೊಂದು ವ್ಯಾಜ್ಯ ಬೇರೆ ರೀತಿಯಲ್ಲಿ ಬಗೆಹರಿದಿತ್ತು. 1712ರಿಂದ ಬಂದ ಊರಹಬ್ಬದಲ್ಲಿ ದೆ ವಾರ್ಗಾಸ್ ಶಾಂತಿಯಿಂದ ಮರಳಿದನೆಂದು ತೋರಿಸುವ ರೂಪಕ ಆಡುತ್ತಿದ್ದರು. ಪುಯೆಬ್ಲೊ ಮುಖಂಡರು, ಚರ್ಚು, ಹಬ್ಬದ ಸಮಿತಿ ಕೂತು ಮಾತಾಡಿ 2018ರಲ್ಲಿ ಅದನ್ನು ಕೈಬಿಟ್ಟರು, ಹಬ್ಬ ಉಳಿಯಿತು. ಈ ಎರಡನೆಯ ದಾರಿಯನ್ನು ನಾನು ಮೆಚ್ಚುತ್ತೇನೆ. ಮೊದಲನೆಯದಕ್ಕೆ ಕಾರಣವಾದ ಅವಮಾನ ಎಷ್ಟು ಕಾಲದ್ದು ಎಂಬುದನ್ನೂ ಮರೆಯುವುದಿಲ್ಲ.

ಅರಮನೆಯ ಮೊಗಸಾಲೆಯ ಮಾತು ಹೇಳಿ ಮುಗಿಸುತ್ತೇನೆ. ಅಲ್ಲಿ ಗೋಡೆಗೆ ಬೆನ್ನು ಕೊಟ್ಟು ಪುಯೆಬ್ಲೊ, ನವಾಹೊ ಮೊದಲಾದ ಜನರ ಕುಶಲಕರ್ಮಿಗಳು ಬಟ್ಟೆ ಹಾಸಿ ಕೂತಿರುತ್ತಾರೆ. ಮಡಕೆ, ಬೆಳ್ಳಿ, ಪಚ್ಚೆನೀಲಿ ಕಲ್ಲಿನ ಒಡವೆ. ಜಾಗಕ್ಕೆ ಪ್ರತಿದಿನ ಬೆಳಿಗ್ಗೆ ಚೀಟಿ ಎತ್ತುತ್ತಾರೆ. ಮಾರುವ ವಸ್ತು ತಾವೋ ತಮ್ಮ ಮನೆಯವರೋ ಮಾಡಿದ್ದಾಗಿರಬೇಕು, ಮೇಲೆ ಮಾಡಿದವರ ಗುರುತಿರಬೇಕು. ಈ ಜಾಗ ಮೂಲನಿವಾಸಿಗಳಿಗೆ ಮಾತ್ರವೇಕೆ ಎಂದು 1970ರ ದಶಕದಲ್ಲಿ ಬೇರೆ ವ್ಯಾಪಾರಿಗಳು ನ್ಯಾಯಾಲಯಕ್ಕೆ ಹೋದರು. 1979ರಲ್ಲಿ ಮೇಲ್ಮನವಿ ನ್ಯಾಯಾಲಯ ವಸ್ತುಸಂಗ್ರಹಾಲಯದ ನಿಯಮವನ್ನು ಎತ್ತಿಹಿಡಿಯಿತು, ಅದು ಈಗಲೂ ಜಾರಿಯಲ್ಲಿದೆ.